ಬೀಜಕ್ಕೆ ಬಿಡುವ ಮುನ್ನ

ಕೂಗಿದ ಮಾತ್ರಕ್ಕೆ ಹುಂಜ ಆಗಲ್ಲ, ಅಂತಿದ್ದಳು ಓಬಕ್ಕ.
ತುರುವನೂರಿಂದ ಆಚೆ ಒಂದು ಹರದಾರಿ, ನಮ್ಮೂರು.
ಗುಡ್ಡದ ಮೇಲೆ ಗಾಳಿಯ ಫ್ಯಾನು ತಿರುಗುತ್ತವೆ,
ಕೆಳಗೆ, ಶೇಂಗಾ ಸಿಪ್ಪೆಯ ರಾಶಿ ಹತ್ತಿ
ಐದು ತಿಂಗಳ ಕೆಂಚ ಕತ್ತು ಚಾಚಿದ.
ಎದ್ದ ಸದ್ದು ಅರ್ಧಕ್ಕೇ ಒಡೆದು
ಎಣ್ಣೆ ಕಾಣದ ರಾಟೆಯಂತೆ ಕಿರುಗುಟ್ಟಿತು.
ತಾನೇ ಬೆಚ್ಚಿ ಅತ್ತಿತ್ತ ನೋಡಿದ
ಕೂಗಿದವರು ಯಾರು ಅನ್ನುವ ಹಾಗೆ.

ಕೆಳಗಿನ ಓಣಿಯ ಖಾಸಿಂಬಿ ಮಂಕರಿ ಹಿಡಿದೇ ಬಂದಿದ್ದಳು.
ಅವಳ ಹಳೇ ಹುಂಜ ಅದಿರಿನ ಲಾರಿಗೆ ಸಿಕ್ಕಿತ್ತು,
ಮನೆಯಲ್ಲಿ ಆರು ಹ್ಯಾಟೆ, ಬರೀ ಹೆಣ್ಣುಗಳ ಸಂಸಾರ.
ಇವನ್ನೇ ಕೊಡಕ್ಕಾ, ಜುಟ್ಟು ಕೆಂಪಗೈತಲ್ಲ.

ಓಬಕ್ಕ ಮಾತಾಡದೆ ಹಿಡಿದು ತಂದಳು.
ರೆಕ್ಕೆ ಎರಡೂ ಒಂದೇ ಕೈಯಲ್ಲಿ ಅಮುಕಿ
ಬೆಲೆ ಕಟ್ಟುವ ಬಳೆಗಾರನ ಹಾಗೆ ತಿರುವಿ ತಿರುವಿ ನೋಡಿದಳು.
ಕಾಲಿನ ಮುಳ್ಳು ಇನ್ನೂ ಜೋಳದ ಕಾಳು,
ಹೆಬ್ಬೆರಳಿಗೆ ಚುಚ್ಚುತ್ತಿಲ್ಲ.
ಎದೆಯೆಲುಬು ಕುಡುಗೋಲಿನಂತೆ ಕೈಗೆ ಹತ್ತುತ್ತದೆ,
ಕತ್ತಿನ ಪುಕ್ಕ ಅರ್ಧ ಕೊಳವೆಯಲ್ಲೇ ಇದೆ.
ಜುಟ್ಟು ಬಿಡು, ಅದು ನಿನ್ನ ಮೊಮ್ಮಗನ ಮೀಸೆ ಇದ್ದಂಗೆ,
ಮುಂಚೆ ಬರ್ತದೆ, ಬುದ್ಧಿ ಆಮೇಲೆ.
ಎರಡು ತಿಂಗಳು ತಡಿ.

ಖಾಸಿಂಬಿ ನಕ್ಕಳು, ತಡೆಯಲಿಲ್ಲ.
ನೂರರ ನೋಟು ಎರಡು ಒರಳಿನ ಮೇಲಿಟ್ಟು
ಕೆಂಚನನ್ನು ಸೆರಗಲ್ಲಿ ಸುತ್ತಿಕೊಂಡು ಹೋದಳು.

ಹೊರಟ ಮೇಲೆ, ಕೈಗೆ ಅಂಟಿದ ತುಪ್ಪಳ ಊದುತ್ತಾ
ಓಬಕ್ಕ ಅಂದಳು, ನನಗೋ, ಗೋಡೆಗೋ:
ನನ್ನ ಕೊಡೋವಾಗ ಹಿಂಗೆ ಯಾರೂ ಎತ್ತಿ ನೋಡಲಿಲ್ಲ,
ಹದಿಮೂರಕ್ಕೆ.
ಆಮೇಲೆ ಎದ್ದು ಮುಸುರೆ ತಿಕ್ಕಲು ಹೋದಳು.

ಅಲ್ಲಿ ಆದದ್ದು ಇಷ್ಟು. ಹ್ಯಾಟೆಗಳು ಕೆಂಚನನ್ನು
ಮೊದಲ ದಿನವೇ ಕುಕ್ಕಿ ಬಚ್ಚಲಿಗೆ ಅಟ್ಟಿದವು.
ಧೈರ್ಯ ಮಾಡಿ ಒಂದರ ಬೆನ್ನು ಹತ್ತಿದ,
ತಲೆ ಎತ್ತ ಬಾಲ ಎತ್ತ ತಿಳಿಯದೆ ಜಾರಿಬಿದ್ದ.
ಆದರೂ ಖಾಸಿಂಬಿ ಹನ್ನೊಂದು ಮೊಟ್ಟೆ ಕಾವಿಗಿಟ್ಟಳು,
ಇಪ್ಪತ್ತೊಂದು ದಿನ ಎಣಿಸಿದಳು, ಮೇಲೆ ಮೂರು ದಿನ ಆಸೆಗೆ.
ಒಡೆದರೆ ಬರೀ ನೀರು, ನಾತ.
ಕಾದಿದ್ದರೂ ಅಷ್ಟೇ ದಿನ ಆಗುತ್ತಿತ್ತು.

ವಾಪಸು ತಂದಾಗ ಕೆಂಚನ ಜುಟ್ಟು ಹರಿದಿತ್ತು.
ಓಬಕ್ಕ ಅರಿಶಿನ ಮೆತ್ತಿದಳು, ಹೇಳಿದ್ದೆನಲ್ಲ ಅನ್ನಲಿಲ್ಲ,
ನೂರರ ನೋಟು ಎರಡೂ ಅದೇ ಒರಳಿನ ಕೆಳಗಿಂದ ತೆಗೆದುಕೊಟ್ಟಳು.

ಮುಳ್ಳು ಚೂಪಾಯಿತು. ಒಂದು ರೆಕ್ಕೆ ನೆಲಕ್ಕೆ ಸವರುತ್ತಾ
ಹೆಣ್ಣಿನ ಸುತ್ತ ಓರೆಯಾಗಿ ನಡೆಯುವುದ ಕಲಿತ.
ಈಗ ಕೊಡೋಣವಾ? ಅಂದೆ.
ತಾಳು, ತಿನ್ನೋದು ನೋಡೋಣ, ಅಂದಳು.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಕೊಬ್ಬಿದ ಮಿಡತೆ ಸಿಕ್ಕಿತು ಕೆಂಚನಿಗೆ.
ನಾನು ನೋಡುತ್ತಲೇ ಇದ್ದೆ, ನುಂಗಲಿಲ್ಲ.
ಎತ್ತಿದ, ಬಿಟ್ಟ, ಮತ್ತೆ ಎತ್ತಿದ, ಮತ್ತೆ ಬಿಟ್ಟ,
ಗಂಟಲೊಳಗೇ ಕುಕು ಕುಕು ಅಂದ.
ಚುಕ್ಕೆ ಕೋಳಿ ಬೇಲಿ ಸಂದಿಯಿಂದ ಓಡಿ ಬಂದು
ಅವನ ಕೊಕ್ಕಿನಡಿಯಿಂದಲೇ ಕಸಿದು ತಿಂದಳು.
ಅವನು ಹಸಿದವನೇ, ಸುಮ್ಮನೆ ನಿಂತಿದ್ದ.

ಓಬಕ್ಕ ಕಟ್ಟೆಯಿಂದ ಎದ್ದಳು.
ಓಡು, ಖಾಸಿಂಬೀನ ಕರಿ. ಮಂಕರಿ ತರಲಿ.

ಏಳನೇ ರಾತ್ರಿ ಖಾಸಿಂಬಿ ಮನೆಯ ಕತ್ತಲಲ್ಲಿ
ಮೊಬೈಲಿನ ಬೆಳಕಿಗೆ ಮೊಟ್ಟೆ ಹಿಡಿದೆವು.
ಒಳಗೆ ಒಂದು ಕಪ್ಪು ಬೊಟ್ಟು,
ಅದರ ಸುತ್ತ ಕೆಂಪು ಎಳೆ, ಜೇಡನ ಕಾಲಿನಷ್ಟು ಸಣ್ಣವು.
ಯಾರೂ ಜೋರಾಗಿ ಉಸಿರಾಡಲಿಲ್ಲ.

ಆ ಇರುಳೇ ಮೂರು ಗಂಟೆಗೆ ಕೆಳಗಿನ ಓಣಿಯಿಂದ
ಕೂಗು ಎದ್ದಿತು, ಏರಿತು,
ಎಲ್ಲಿ ಒಡೆಯುತ್ತದೋ ಎಂದು ಕಾದೆ.
ಕೊನೆತನಕ ಹೋಯಿತು.
ಕಂಬಳಿಯೊಳಗಿಂದ ಓಬಕ್ಕ ಬೈದಳು:
ಕಲಿತದ್ದೇನೋ ಕಲಿತ, ಹೊತ್ತು ಮಾತ್ರ ಗೊತ್ತಾಗಲಿಲ್ಲ ಮುಂಡೇದಕ್ಕೆ.