ಉಪ್ಪಳದ ಉಪ್ಪು

ಮುಚ್ಚು ಮಾರಾಯ ಆ ಪೆಟ್ಟಿಗೆಯನ್ನು.
ನೂರಾ ಹದಿನೈದು ತುದಿಗಳು, ಕಪ್ಪು ಸ್ಪಂಜಿನ ಗುಳಿಗಳಲ್ಲಿ
ಕದಲದೆ ಮಲಗಿವೆ, ಶಾಲೆಯ ಫೋಟೋಕ್ಕೆ ನಿಂತ ಮಕ್ಕಳ ಹಾಗೆ.
ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂದೆ. ಸಿಕ್ಕೀತು.
ಮೆತ್ತಗಿನ ಕಬ್ಬಿಣ. ಎರಡನೇ ಸ್ಕ್ರೂವಿಗೇ ತುದಿ ಉರುಟಾಗುತ್ತದೆ,
ಆಮೇಲೆ ಸ್ಕ್ರೂವಿನ ತಲೆ,
ಆಮೇಲೆ ನಿನ್ನದು.

ಇಲ್ಲಿ ಬಾ ಸಫ್ವಾನ್, ಬೆಳಕಿಗೆ.
ಈ ಡ್ರಾವರು ಸಿಪ್ರಿಯನ್ ಮಾಸ್ಟರದ್ದು.
ಅವರು ಗಡಿಯಾರದವರು. ಬಸ್‌ಸ್ಟ್ಯಾಂಡಿನ ಎದುರು
ಒಂದು ಗಾಜಿನ ಪೆಟ್ಟಿಗೆ, ಒಂದು ಕಣ್ಣಿಗೆ ಮಸೂರ.
ವಾಚು ಕಟ್ಟುವವರು ಕಮ್ಮಿಯಾದ ಮೇಲೆ
ಗಲ್ಫಿನಿಂದ ಬಂದ ಟೇಪ್‌ರೆಕಾರ್ಡರು, ಮತ್ತೆ ಟೀವಿ, ಮತ್ತೆ ಇದು.
ನಾನು ಕಸ ಗುಡಿಸಲು ಬಂದವಳು. ಬಿದ್ದ ಸ್ಕ್ರೂ ಹೆಕ್ಕಿ
ಸೋಡಾ ಮುಚ್ಚಳಕ್ಕೆ ಹಾಕುತ್ತಿದ್ದೆ.
ಯಾವುದು ಯಾವ ತೂತಿನದ್ದೆಂದು ಅವರು ಕೇಳುವ ಮೊದಲೇ
ಹೇಳತೊಡಗಿದ ದಿನ
ಚಿಮುಟ ಕೈಗೆ ಬಂತು.

ಮುಖ ನೋಡಿ ಮಣೆ ಹಾಕಬಾರದು ಅನ್ನುತ್ತಾರೆ.
ಇಲ್ಲಿ ಹಾಕಬೇಕು.
ತುದಿಯನ್ನು ಇಡು. ತಿರುಗಿಸಬೇಡ, ಸುಮ್ಮನೆ ಅಲುಗಿಸು.
ಕೂತಿತೋ, ನಡುವೆ ಗಾಳಿ ಉಂಟೋ?
ಗಾಳಿ ಇದ್ದರೆ ಒಂದು ಸೈಜು ದೊಡ್ಡದು.
ಗಿರಾಕಿಗಳ ಹತ್ತಿರವೂ ಅಷ್ಟೇ: ಮೀನಿನ ಬೋಟಿನವರಿಗೆ ತುಳು,
ಪಂಚಾಯತು ಆಫೀಸಿಗೆ ಮಲಯಾಳ, ನಿನ್ನ ಉಮ್ಮನಿಗೆ ಬ್ಯಾರಿ.
ಕೊಂಕಣಿ ಮಾಸ್ಟರ ಹತ್ತಿರ ಮಾತ್ರ ಕಲಿತದ್ದು,
ಅದೂ ಬೈಗುಳದಷ್ಟೇ.

ಅಯಸ್ಕಾಂತಕ್ಕೆ ಹೆದರುವವರುಂಟು. ನೀನು
ಬೋರ್ಡಿನ ಅಡಿಗೆ ಜಾರಿದ ಒಂಟಿ ಸ್ಕ್ರೂವಿಗೆ ಹೆದರು.
ಮೀಟರು ಮಾತ್ರ ಅಗ್ಗದ್ದು ಬೇಡ.
ಸುಳ್ಳು ಸಾಕ್ಷಿಗಾದರೂ ಅಡ್ಡಪ್ರಶ್ನೆ ಹಾಕಬಹುದು,
ಸುಳ್ಳು ಮೀಟರಿಗೆ ಎಂತ ಕೇಳುವುದು?
ಹೊಸ ಬ್ಯಾಟರಿಗೆ ಮುಟ್ಟಿಸಿ, ಮೊದಲು ಅದರ ಪರೀಕ್ಷೆಯಾಗಲಿ.

ಮತ್ತೆ ಲ್ಯಾಪ್‌ಟಾಪಿನ ಮೈ ಬಿಡಿಸಲು ಕಬ್ಬಿಣ ಬೇಡ, ಗೀರು ಬೀಳುತ್ತದೆ.
ಇಗೋ, ಇದು. ಅವಧಿ ಮುಗಿದ ಎಟಿಎಂ ಕಾರ್ಡು,
ಅಂಚು ಸವೆದು ಚೂಪಾಗಿದೆ. ಬೆರಳಾಡಿಸು,
ಸಿಪ್ರಿಯನ್ ಕ್ರಾಸ್ತಾ ಎಂಬ ಉಬ್ಬಕ್ಷರ ಈಗಲೂ ಸಿಗುತ್ತದೆ.
ಆರು ವರ್ಷವಾಯಿತು,
ನಾನು ಎಲ್ಲವನ್ನೂ ಅವರ ಹೆಸರಿನಲ್ಲೇ ತೆರೆಯುತ್ತೇನೆ.

ಈಗ ಮೇಜಿನ ಮೇಲಿನದ್ದು.
ಕಡಲ ಬದಿಯ ಕನ್ನಡ ಶಾಲೆಯದ್ದು. ಯಮುನಾ ಟೀಚರು
ಆಟೋದಲ್ಲಿ ಮಡಿಲಲ್ಲಿಟ್ಟು ತಂದದ್ದು, ಒಂದು ಹುಡುಗಿಯನ್ನೂ ಕರೆದುಕೊಂಡು.
ಮದರ್‌ಬೋರ್ಡು ಹೋಗಿದೆ, ಐದು ಸಾವಿರ,
ಅಂದಿದ್ದಾನಂತೆ ಮಂಗಳೂರಿನವನು.
ಯಾವ ಹತ್ಯಾರೂ ಎತ್ತಬೇಡ. ಸ್ವಿಚ್ಚು ಹಾಕು. ಕೇಳು.
ಮೂರು ಕೂಗು. ಮೌನ. ಮತ್ತೆ ಮೂರು.
ಸತ್ತದ್ದು ಕೂಗುತ್ತದೋ?
ಪ್ಲಗ್ಗು ಎಳೆ. ಬರಿಯ ಕಬ್ಬಿಣ ಮುಟ್ಟಿ ಮೈಯ ಕರೆಂಟು ಇಳಿಸು.
ಮೆಮೊರಿಯ ಎರಡು ಕಿವಿ ಒಟ್ಟಿಗೆ ಬಿಡಿಸು, ನಿಧಾನ,
ನಿದ್ದೆಯ ಮಗುವಿನ ಕೈಯಿಂದ ಗಿಲಕಿ ತೆಗೆದ ಹಾಗೆ.
ನೋಡಿದೆಯೋ ಬಂಗಾರದ ಹಲ್ಲುಗಳ ಮೇಲೆ
ತೆಳ್ಳಗೆ ಹಸಿರು?
ಕಿಟಕಿ ಮುಚ್ಚಿದರೂ ಕಡಲು ತರಗತಿಗೆ ಬಂದು
ಹಾಜರಿ ಹಾಕಿ ಹೋಗಿದೆ.

ನಾನು ಡ್ರಾವರು ತಡಕಾಡಿದೆ. ಚಿಮುಟ, ಬ್ರಶ್ಶು,
ಸ್ಪಿರಿಟ್ಟಿನ ಖಾಲಿ ಬಾಟಲಿ.
ಆ ಹುಡುಗಿಯ ಕಡೆ ತಿರುಗಿದೆ: ನಿನ್ನ ರಬ್ಬರು ಕೊಡ್ತೀಯಾ?
ಅವಳು ಟೀಚರ ಮುಖ ನೋಡಿದಳು,
ಕಂಪಾಸು ಪೆಟ್ಟಿಗೆ ಎದೆಗೊತ್ತಿಕೊಂಡೇ ತೆರೆದಳು.
ಒಂದೇ ದಿಕ್ಕಿಗೆ ಉಜ್ಜು, ಸಫ್ವಾನ್. ಗುಣಾಕಾರದ ತಪ್ಪು ಅಳಿಸಿದ ಹಾಗೆ
ಕಾಗದ ಹರಿಯುವಷ್ಟು ಅಲ್ಲ.
ಪುಡಿಯನ್ನು ಬಾಯಿಯಿಂದ ಊದಬೇಡ, ಉಗುಳಿನಲ್ಲೂ ಉಪ್ಪುಂಟು.
ಬ್ರಶ್ಶು. ಕೂರಿಸು. ಕ್ಲಿಕ್ಕೆಂದಿತೋ? ಇನ್ನೊಂದು ಕಡೆ?

ಒಂದೇ ಕೂಗು.
ಪರದೆ ಬೆಳಗಿತು, ಏಳನೇ ತರಗತಿಯ ಯಾರೋ ಇಟ್ಟ
ದೋಣಿಯ ಚಿತ್ರದೊಡನೆ.
ಟೀಚರು ಪರ್ಸು ತೆರೆದು ಎಷ್ಟೆಂದು ಕೇಳುತ್ತಲೇ ಇದ್ದರು.
ಹುಡುಗಿ ಪರದೆ ನೋಡಲಿಲ್ಲ. ಅವಳ ಕಣ್ಣು
ಹಸಿರು ಮಸಿ ಹತ್ತಿದ ರಬ್ಬರಿನ ಮೂಲೆಯ ಮೇಲಿತ್ತು.

ನಿನ್ನ ಪೆಟ್ಟಿಗೆ ಬಿಸಾಡಬೇಡ, ಅದರಲ್ಲೂ
ಎರಡೋ ಮೂರೋ ಗಟ್ಟಿ ತುದಿ ಇದ್ದಾವು, ಸಂಜೆ ಹುಡುಕುವ.
ಈಗ ಅಬ್ಬುಂಞಿಯ ಅಂಗಡಿಗೆ ಓಡು, ಎರಡು ರಬ್ಬರು ತಾ.
ನಮಗೆ ಬಿಳಿಯದು.
ಅವಳಿಗೆ ಸ್ಟ್ರಾಬೆರಿ ವಾಸನೆಯದ್ದು.