ಇನ್ನೂರು ಮೀಟರ್

"ಈ ವಾಚು ನೀರಿನಡಿ ಇನ್ನೂರು ಮೀಟರ್ ಹೋದರೂ ಏನೂ ಆಗದು"
ಎಂದಿದ್ದ ಉಪ್ಪಳದ ಮೂಸಕುಂಞಿ, ಹಳೆಯದನ್ನು ಮಾರುವವ.
ನಗು ಬಂತು. ನನಗೆ ಈಜು ಬಾರದು.
ನನ್ನ ದಾರಿ ಬಾಯಾರಿನ ಮುರಕಲ್ಲಿನೊಳಗೆ
ಅಡ್ಡಕ್ಕೆ ಹೋಗುವ ಸುರಂಗ.

ಒಳಹೊಕ್ಕುವಾಗ ರಬ್ಬರು ಪಟ್ಟಿ,
ಕೆಸರು ಮೆತ್ತಿದರೆ ಕೊಡದಲ್ಲಿ ಅದ್ದಿದರಾಯಿತು.
ಅಂಚಿನ ಬಳೆಯನ್ನು ಕಟಕಟ ತಿರುಗಿಸಿ ಇಡುತ್ತೇನೆ:
ಇಪ್ಪತ್ತು ನಿಮಿಷ.
ಆಮೇಲೆ ಮೇಣದಬತ್ತಿಯೂ ಏದುಸಿರು ಬಿಡುತ್ತದೆ.

ಕೂಲಿಬಾಕಿ ಕೇಳಲು ಹೋಗುವಾಗ ಸ್ಟೀಲಿನದು,
ಮೇಜಿನ ಮೇಲೆ ಕೈಯಿಟ್ಟರೆ ಸದ್ದಾಗಬೇಕು.
ಚರ್ಮದ್ದೂ ಒಂದಿತ್ತು. ಆಟಿ ತಿಂಗಳಲ್ಲಿ ಬೂಸ್ಟು ಹಿಡಿದು
ನಾಯಿಮರಿಯ ಪಾಲಾಯಿತು.

ಪಟ್ಟಿ ಬದಲಿಸುವವಳು ಭಾಗಿ, ಹೊಲಿಗೆಯ ಸೂಜಿಯಲ್ಲಿ,
ಸಣ್ಣ ಸ್ಪ್ರಿಂಗುಕಡ್ಡಿಯನ್ನು ತುಟಿಯಲ್ಲಿ ಕಚ್ಚಿಕೊಂಡು.
ಮಾತಾಡಬೇಡ ಎನ್ನುತ್ತೇನೆ,
ಮಾತಾಡುತ್ತಾಳೆ.

ಮೊನ್ನೆ ಎಪ್ಪತ್ತನೆಯ ಕೋಲಿನಲ್ಲಿ ಆ ಕಡ್ಡಿ ಜಾರಿತು.
ಬತ್ತಿ ಆರಿತ್ತು. ವಾಚು ಕಲ್ಲಿಗೆ ಬಿತ್ತು, ಒಡೆಯಿತು
ಅಂದುಕೊಂಡೆ. ಟಪ್ ಅನ್ನಲಿಲ್ಲ,
ಬುಳುಕ್ ಅಂದಿತು.

ಬಗ್ಗಿ ನೋಡಿದೆ. ಬೆಳಗ್ಗೆ ಒಣಗಿದ್ದ ನೆಲದಲ್ಲಿ
ಹಸಿರು ಮುಳ್ಳುಗಳು ನಡೆಯುತ್ತಿದ್ದವು.
ಸ್ವಲ್ಪ ಹೊತ್ತು ಎತ್ತಲು ಮನಸ್ಸಾಗಲಿಲ್ಲ.

ಮೂಸಕುಂಞಿಗೆ ಹೇಳಬೇಕು:
ಇಳಿದದ್ದು ನಾಲ್ಕು ಬೆರಳು,
ಏನೂ ಆಗಿಲ್ಲ.