ಎಡಮಗ್ಗುಲು, ಐದನೇ ಕಿವಿರಿನ ಹಿಂದೆ

ಉಪ್ಪಳ್ಳಿಗೆ ಹೆಸರಲ್ಲಿ ಮಾತ್ರ ಉಪ್ಪು.
ಸಮುದ್ರ ನಾನು ಕಂಡದ್ದು
ಮರಿಯಂಬಿಯ ಮಗಳು ತಸ್ನೀಮ್ ಬಿಟ್ಟುಹೋದ
ಲ್ಯಾಪ್‌ಟಾಪಿನೊಳಗೆ. ಅದೂ ದಡದಿಂದಲ್ಲ,
ಒಳಗಿಂದ. ಅಲೆಯಿಲ್ಲ, ಮರಳಿಲ್ಲ,
ಹಸಿರುಗಟ್ಟಿದ ಕತ್ತಲು, ಅದರಲ್ಲಿ
ಬಸ್ಸಿನಷ್ಟುದ್ದದ ಶಾರ್ಕು, ಮೈತುಂಬ ಬಿಳಿ ಬೊಟ್ಟು.

"ಕಚ್ಚಲ್ಲ ಹೊಂಬಾಳಕ್ಕ, ಬಾಯಿ ತಕ್ಕೊಂಡು
ನೀರು ಸೋಸಿ ತಿನ್ನೋ ಸಾಧು ಇದು.
ಎಡಮಗ್ಗುಲು ನೋಡಿ, ಐದನೇ ಕಿವಿರಿನ ಹಿಂದೆ.
ಒಂದರ ಬೊಟ್ಟು ಇನ್ನೊಂದಕ್ಕಿರಲ್ಲ.
ಹಳೇ ಫೋಟೋದವರು ಹೊಸದರಲ್ಲಿ ಇದ್ದಾರಾ, ಅಷ್ಟು ಹೇಳಿ.
ಫೋಟೋಗೆ ಆರು ರೂಪಾಯಿ."

ಅಷ್ಟೇನಾ, ಅಂದೆ.
ಇಪ್ಪತ್ತೊಂಬತ್ತು ವರ್ಷ ಕ್ಯೂರಿಂಗ್ ವರ್ಕ್ಸಿನಲ್ಲಿ
ಮಂಡಿ ಮಡಿಸಿ ಕೂತು ಕಾಫಿಬೀಜ ಆರಿಸಿದ ಕಣ್ಣು.
ಕರಿಯದು, ಒಡಕಲು, ಹುಳ ಕೊರೆದದ್ದು,
ಮಚ್ಚೆ ಬಿದ್ದದ್ದು: ತೆಗಿ, ಬಿಸಾಕು.
ಗುರುತಿದ್ದದ್ದಕ್ಕೆ ಚೀಲದಲ್ಲಿ ಜಾಗವಿರಲಿಲ್ಲ.
ಆಮೇಲೊಂದು ಮಿಷನ್ ಬಂತು,
ಫುಸ್ಸಂತ ಗಾಳಿ ಊದಿ ಕರಿಬೀಜ ಹಾರಿಸಿತು;
ಅದೇ ಗಾಳಿಗೆ ನಾವು ಅರವತ್ತು ಹೆಂಗಸರು
ಗೇಟಿನಾಚೆ ಬಿದ್ದೆವು.

ಈಗ ಪಾತ್ರೆ ತೊಳೆದಿಟ್ಟು ಬೊಟ್ಟು ನೋಡುತ್ತೇನೆ.
ಒಂದಕ್ಕೆ, ಒಗ್ಗರಣೆ ಸಾಸಿವೆ ಗೋಡೆಗೆ ಸಿಡಿದ ಹಾಗೆ.
ಇನ್ನೊಂದಕ್ಕೆ, ಚುಕ್ಕಿಯಿಟ್ಟವಳು
ಎಳೆ ಎಳೆಯುವ ಮೊದಲೇ ಯಾರೋ ಕರೆದು
ಒಳಗೆ ಹೋದ ಹಾಗೆ.
ತಸ್ನೀಮ್ ಕೊಡುವುದು ನಂಬರು. ಹೆಸರು ನಂದು:
ಚೌಕಾಬಾರ. ಹರಕು ಜರಡಿ.
ಮೇಸ್ತ್ರಿ ಸಣ್ಣಯ್ಯ (ಬಾಯಿ ಮುಚ್ಚುವುದೇ ಇಲ್ಲ ಅದು).

ನೂರಾ ನಲವತ್ತೇಳು, ಮುನ್ನೂರಾ ಎರಡು
ಬೇರೆಬೇರೆ ಅಂದಿತ್ತು ಕಂಪ್ಯೂಟರು.
ಒಂದು ಲಕ್ಷದ್ವೀಪದ್ದು. ಇನ್ನೊಂದು
ಏಳು ವರ್ಷದ ಮೇಲೆ, ಗುಜರಾತಿನ ಯಾರದೋ ಬಲೆಯಲ್ಲಿ;
ಬೆನ್ನ ರೆಕ್ಕೆ ಅರ್ಧ ಇಲ್ಲ,
ದೋಣಿಯ ಫ್ಯಾನು ಸೀಳಿದ ಗೀರು ಮೂರು.
ನಾನು ಗೀರು ಬಿಟ್ಟೆ.
ಗೀರು ಆಮೇಲಿನದು, ಯಾರೋ ಕೊಟ್ಟದ್ದು.
ಮೈ ಬಾಗಿಸಿದೆ ಮುಂಡೇದು! ಸೀರೆ ಮಡಿಸಿದರೆ
ದೂರದ ಹೂವು ಹತ್ತಿರ ಬರಲ್ಲವಾ?
ಮನಸ್ಸಲ್ಲೇ ಮಡಿಕೆ ಬಿಡಿಸಿ ಹರವಿದೆ:
ಎರಡು, ಒಂದು, ಮೂರು, ಓರೆಯಾಗಿ ಒಂದು.
ಇವಳೇ.
ಚೌಕಾಬಾರ ಬದುಕಿದ್ದಾಳೆ.
ರಾತ್ರಿ ಹನ್ನೊಂದಕ್ಕೆ ಫೋನು ಮಾಡಿ ಕಿರುಚಿದೆ.
ತಸ್ನೀಮ್ ಅಳುತ್ತಿದ್ದಳೋ, ನೆಟ್‌ವರ್ಕೋ.

ಬೆಳಗಾದರೆ ರೇಷನ್ನಿನ ಸಾಲು.
ಹೆಬ್ಬೆಟ್ಟು ಒತ್ತಿ ಅಂದ ಸೊಸೈಟಿಯ ಹುಡುಗ. ಕೆಂಪು ದೀಪ.
ತೋರುಬೆರಳು. ಕೆಂಪು.
ಸೆರಗಿಗೆ ಒರೆಸಿ, ಎಣ್ಣೆತಲೆಗೆ ಉಜ್ಜಿ,
ಎಡಗೈಯದು, ಉಂಗುರದ್ದು, ಕಿರುಬೆರಳು. ಕೆಂಪು.
ಇಪ್ಪತ್ತೊಂಬತ್ತು ವರ್ಷದ ಬೀಜ
ನನ್ನ ಬೆರಳ ಗೆರೆಗಳನ್ನು
ಒಂದೊಂದೇ ಆರಿಸಿಕೊಂಡು ಹೋಗಿದೆ.
"ನೀವು ನೀವೇ ಅಂತ ಬರ್ತಿಲ್ಲಕ್ಕ,"
ತಪ್ಪು ತನ್ನದೇ ಅನ್ನುವ ಹಾಗೆ ಹೇಳಿದ, ಪಾಪ.

ಹಿಂದಿನಿಂದ ಮರಿಯಂಬಿ ಕೂಗಿದಳು:
"ಅವಳೇ ಕಣೋ! ಎಡಗಿವಿ ಹಿಂದೆ ಮಚ್ಚೆ,
ಮೊಣಕೈಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ,
ನಗುವಾಗ ಒಂದು ಕಡೆಗೆ ವಾಲ್ತಾಳೆ, ನೋಡ್ಕೋ!"
ಸಾಲೆಲ್ಲ ನಕ್ಕಿತು. ನಾನೂ ವಾಲಿದೆ.
ಅದನ್ನೆಲ್ಲ ಮಿಷನ್ನಿಗೆ ಎಲ್ಲಿ ಅಂತ ಒತ್ತುವುದು.

ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟು
ದಂಟರಮಕ್ಕಿ ಕೆರೆ ಏರಿಯ ಮೇಲೆ ಸ್ವಲ್ಪ ನಿಂತೆ.
ಸಣ್ಣ ನೀರು. ಆದರೂ ನೀರೇ.
ಸೆರಗು ಸರಿಸಿ,
ಕಿವಿಯ ಹಿಂದಿನ ಕೂದಲು ಎತ್ತಿಹಿಡಿದು,
ಎಡಮಗ್ಗುಲು ತಿರುಗಿದೆ,
ಕೆಳಗಿಂದ ಯಾರಾದರೂ ನೋಡುತ್ತಿದ್ದರೆ
ಇರಲಿ ಅಂತ.